ಅರ್ಧ ಔಷಧ ಸೀಸೆಯಲ್ಲಿ, ಅರ್ಧ ರಕ್ತದಲ್ಲಿ

ನಮ್ಮ ಕಣಕಟ್ಟೆ ಕಡೆ ಹೆಂಗಸರಿಗೆ ಎದೆಯಲ್ಲಿ ಗಂಟು ಕಂಡರೆ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಅರಸೀಕೆರೆ, ಆಮೇಲೆ ಹಾಸನ, ಅಲ್ಲೂ ಬಗೆಹರಿಯದಿದ್ದರೆ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ. ಬಯಾಪ್ಸಿ ಆದ ಮೇಲೆ ಫೈಲಿನಲ್ಲಿ ಒಂದು ಸಾಲು ಸೇರುತ್ತದೆ: ಹರ್-2 ಪಾಸಿಟಿವ್, ಇಲ್ಲವೇ ನೆಗೆಟಿವ್. ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ನಿನ ಮಾತು ಬರುತ್ತದೆ, ಅದರ ಹಿಂದೆಯೇ ದುಡ್ಡಿನ ಮಾತು. ಔಷಧಗಳ ಇತಿಹಾಸ ಓದಿಕೊಂಡಿರುವ ನನ್ನನ್ನು ಈ ಇಂಜೆಕ್ಷನ್ ಹಿಡಿದು ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಇದರ ಕೆಲಸದಲ್ಲಿ ದೊಡ್ಡ ಪಾಲು ರೋಗಿಯ ಸ್ವಂತ ಬಿಳಿ ರಕ್ತಕಣಗಳದ್ದು.

ಕಥೆ ಹಳೆಯ ಜಗಳವೊಂದರಿಂದ ಶುರುವಾಗುತ್ತದೆ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕೋವ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕಣಗಳು ಮುತ್ತಿಕೊಳ್ಳುವುದನ್ನು ನೋಡಿದ. ದೇಹವನ್ನು ಕಾಯುವುದು ಈ ನುಂಗುವ ಕಣಗಳೇ ಎಂದ. ಅಲ್ಲ, ರಕ್ತರಸದಲ್ಲಿರುವ ಪ್ರತಿಕಾಯಗಳು ಎಂದಿತು ಜರ್ಮನಿಯ ಪಂಗಡ. 1908ರ ನೊಬೆಲ್ ಅನ್ನು ಮೆಚ್ನಿಕೋವ್‌ಗೂ ಪಾಲ್ ಎರ್ಲಿಕ್‌ಗೂ ಹಂಚಿ ಸಮಿತಿ ರಾಜಿ ಮಾಡಿಸಿತು. ಇಬ್ಬರೂ ಒಂದೇ ಕೆಲಸದ ಎರಡು ಕೈಗಳನ್ನು ಹಿಡಿದಿದ್ದರು ಎಂಬುದು ಸ್ತನ ಕ್ಯಾನ್ಸರಿನಲ್ಲಿ ಸ್ಪಷ್ಟವಾಗಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು.

1975 ಮುಖ್ಯವಾದ ವರ್ಷ. ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಕೊಂಡರು. ಅದೇ ವರ್ಷ ಸ್ವೀಡನ್ನಿನಲ್ಲಿ ರೋಲ್ಫ್ ಕೀಸ್ಲಿಂಗ್ ಮತ್ತು ಸಂಗಡಿಗರು, ಮುಂಚೆ ಯಾವ ಪರಿಚಯವೂ ಇಲ್ಲದ ಗಡ್ಡೆಯ ಕೋಶಗಳನ್ನು ಕೊಲ್ಲಬಲ್ಲ ಬಿಳಿಕಣಗಳನ್ನು ವರ್ಣಿಸಿದರು. ಅವಕ್ಕೆ ‘ನ್ಯಾಚುರಲ್ ಕಿಲ್ಲರ್’ ಎಂಬ ಹೆಸರು ನಿಂತಿತು.

1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲೇಮನ್, 189 ಸ್ತನ ಗಡ್ಡೆಗಳನ್ನು ಪರೀಕ್ಷಿಸಿದ ಬರಹದಲ್ಲಿ, ಸುಮಾರು ಶೇ 30ರಲ್ಲಿ ಹರ್-2 ಜೀನು ಹಲವು ಪ್ರತಿಗಳಾಗಿ ಹೆಚ್ಚಿದೆ ಎಂದು ತೋರಿಸಿದರು. (ಈಗ ಈ ಲೆಕ್ಕವನ್ನು ಶೇ 15ರಿಂದ 20 ಎನ್ನುತ್ತಾರೆ.) ಅಂಥ ಗಡ್ಡೆಗಳು ಬೇಗ ಬೆಳೆಯುತ್ತವೆ, ಬೇಗ ಮರಳುತ್ತವೆ. ಹರ್-2ಗೆ ಅಂಟುವ ಇಲಿಯ ಪ್ರತಿಕಾಯವನ್ನು ಜೆನೆಂಟೆಕ್ ಕಂಪನಿ ಮನುಷ್ಯರ ದೇಹಕ್ಕೆ ಒಗ್ಗುವಂತೆ ಬದಲಿಸಿತು. 1998ರ ಸೆಪ್ಟೆಂಬರಿನಲ್ಲಿ ಅದು ಹರ್ಸೆಪ್ಟಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬೆಳೆಯೆಂದು ಆಜ್ಞೆ ಕೊಡುವ ಸ್ವಿಚ್ಚನ್ನೇ ಇದು ಆರಿಸುತ್ತದೆ ಎಂಬ ವಿವರಣೆ ಎಲ್ಲೆಡೆ ಹಬ್ಬಿತು. ಹೇಳಲು ಸುಲಭ, ಕೇಳಲೂ ಚೆಂದ.

ಬಿಳಿಕಣಗಳ ಕೈವಾಡ ಪರೀಕ್ಷಾನಳಿಗೆಯಲ್ಲಿ ಅದಕ್ಕೂ ಮುಂಚೆಯೇ ಕಂಡಿತ್ತು. ಜೀವಂತ ಪ್ರಾಣಿಯಲ್ಲಿ ಅದನ್ನು ತೋರಿಸಿದ್ದು 2000ದಲ್ಲಿ ನ್ಯೂಯಾರ್ಕಿನ ರಾಫೇಲ್ ಕ್ಲೈನ್ಸ್ ಮತ್ತು ಜೆಫ್ರಿ ರಾವೆಚ್. ಪ್ರತಿಕಾಯದ ಆಕಾರ ಇಂಗ್ಲಿಷಿನ ವೈ ಅಕ್ಷರದಂತೆ. ಎರಡು ತೋಳು ಗಡ್ಡೆಯನ್ನು ಹಿಡಿದರೆ, ಕೆಳಗಿನ ಕಾಂಡವನ್ನು ಬಿಳಿಕಣ ಹಿಡಿಯುತ್ತದೆ. ಆ ಕಾಂಡ ಹಿಡಿಯಲು ಬೇಕಾದ ಹಿಡಿಕೆ ಬಿಳಿಕಣಗಳ ಮೇಲೆ ಇಲ್ಲದ ಇಲಿಗಳಲ್ಲಿ ಔಷಧದ ಬಲ ಬಹುಪಾಲು ಕುಸಿಯಿತು. ಕಡಿಯಬೇಕಾದ ಮರಕ್ಕೆ ಸುಣ್ಣದ ಗುರುತು ಹಾಕುತ್ತಾರಲ್ಲ, ಪ್ರತಿಕಾಯದ ಮುಖ್ಯ ಕೆಲಸಗಳಲ್ಲಿ ಅದೂ ಒಂದು. ಕೊಡಲಿ ಹಿಡಿದು ಬರುವವರು ಬೇರೆ.

ಬೆಂಗಳೂರು ಈ ಕಥೆಯೊಳಗೆ ಬರುವುದು ಇಲ್ಲಿ. ರೋಶ್ ಕಂಪನಿ 2013ರ ಆಗಸ್ಟಿನಲ್ಲಿ ಈ ಔಷಧದ ಭಾರತೀಯ ಪೇಟೆಂಟನ್ನು ಕೈಬಿಟ್ಟಿತು. 2014ರ ಆರಂಭದಲ್ಲಿ ಬಯೋಕಾನ್ ತನ್ನದೇ ಟ್ರಾಸ್ಟುಜುಮ್ಯಾಬನ್ನು ‘ಕ್ಯಾನ್‌ಮ್ಯಾಬ್’ ಎಂಬ ಹೆಸರಿನಲ್ಲಿ ತಂದಿತು: 440 ಮಿ.ಗ್ರಾಂ ಸೀಸೆಗೆ 57,500 ರೂಪಾಯಿ. ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷದ ಚಿಕಿತ್ಸೆಗೆ 60 ಕೆ.ಜಿ. ತೂಕದ ಹೆಂಗಸಿಗೆ ಇಂಥ 15 ಸೀಸೆ ಬೇಕು. ನಾನೇ ಗುಣಿಸಿ ನೋಡಿದೆ, 8 ಲಕ್ಷ 62 ಸಾವಿರದ 500 ಆಗುತ್ತದೆ. ಇದು ಅಗ್ಗದ ಔಷಧದ ಬೆಲೆ! ತೆಂಗಿನ ತೋಟದ ಆದಾಯದಲ್ಲಿ ಬದುಕುವ ನಮ್ಮ ಸೀಮೆಯ ಮನೆಗೆ ಅಗ್ಗ, ದುಬಾರಿ ಎಂಬ ಮಾತುಗಳ ಅರ್ಥವೇ ಕಲಸಿಹೋಗುತ್ತದೆ.

ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು. ತನ್ನ ಔಷಧಕ್ಕೆ ಸಮವೆಂದು ಹೇಳಿಕೊಳ್ಳುವಷ್ಟು ಪರೀಕ್ಷೆ ಆಗಿಲ್ಲ ಎಂಬುದು ಅದರ ವಾದ. ಇದನ್ನು ಬರೀ ವ್ಯಾಪಾರದ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ಯಾರಾಸಿಟಮಾಲ್ ಅನ್ನು ರಸಾಯನಶಾಲೆಯಲ್ಲಿ ತಯಾರಿಸಬಹುದು. ಪ್ರತಿಕಾಯವನ್ನು ಜೀವಂತ ಕೋಶಗಳಲ್ಲೇ ಬೆಳೆಸಬೇಕು, ಸಾಮಾನ್ಯವಾಗಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ. ಆ ಕೋಶಗಳು ಪ್ರತಿಕಾಯದ ಕಾಂಡಕ್ಕೆ ಸಕ್ಕರೆಯ ಸಣ್ಣ ಸರಪಳಿಯೊಂದನ್ನು ಜೋಡಿಸುತ್ತವೆ. ಆ ಸರಪಳಿಯಲ್ಲಿ ಫ್ಯೂಕೋಸ್ ಎಂಬ ಸಕ್ಕರೆ ಹೆಚ್ಚಿದರೆ ಕಿಲ್ಲರ್ ಕಣದ ಹಿಡಿತ ಸಡಿಲ, ಕಡಿಮೆಯಾದರೆ ಬಿಗಿ. ಹಾಗಾಗಿ ಗಡ್ಡೆಗೆ ಸರಿಯಾಗಿ ಅಂಟುವ ಔಷಧವೂ ಬಿಳಿಕಣವನ್ನು ಕರೆಯುವುದರಲ್ಲಿ ಸೋಲಬಹುದು.

ಉತ್ತರ ಬರಲು ಮೂರು ವರ್ಷ ಹಿಡಿಯಿತು. ಬಯೋಕಾನ್ ಮತ್ತು ಮೈಲಾನ್ ಕಂಪನಿಗಳ ಔಷಧವನ್ನು ಮೂಲದೊಂದಿಗೆ ಹೋಲಿಸಿದ ಪರೀಕ್ಷೆ 2016ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 24 ವಾರಗಳಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದವರು ಬೆಂಗಳೂರಿನ ಔಷಧದಲ್ಲಿ ಶೇ 69.6, ಮೂಲದಲ್ಲಿ ಶೇ 64. ಮರುವರ್ಷ ಅಮೆರಿಕ ಅನುಮತಿ ಕೊಟ್ಟಿತು. ಅಲ್ಲಿ ಈ ಔಷಧಕ್ಕೆ ಸಿಕ್ಕ ಮೊದಲ ಬಯೋಸಿಮಿಲರ್ ಅದು.

ಇತಿಹಾಸದ ಚೇಷ್ಟೆ ಆಮೇಲಿನದು. ಕೊರಿಯಾದ ಸ್ಯಾಮ್‌ಸಂಗ್ ಬಯೋಎಪಿಸ್ ತಾನೂ ಒಂದು ನಕಲು ಮಾಡಲು ಹೊರಟು, ಹೋಲಿಕೆಗೆಂದು ಮೂಲ ಹರ್ಸೆಪ್ಟಿನ್ನಿನ ಸೀಸೆಗಳನ್ನು ವರ್ಷಗಟ್ಟಲೆ ಕೊಂಡು ಅಳೆಯಿತು. 2017ರಲ್ಲಿ ಹೊರಬಂದ ಆ ಅಳತೆಯಲ್ಲಿ, ಕೆಲವು ಬ್ಯಾಚುಗಳ ಸಕ್ಕರೆ ಬದಲಾಗಿ ಕಿಲ್ಲರ್ ಕಣಗಳನ್ನು ಕರೆಯುವ ಶಕ್ತಿ ಇಳಿದಿತ್ತು. ಅಂಥ ಬ್ಯಾಚಿನ ಔಷಧ ಪಡೆದವರಲ್ಲಿ ರೋಗ ಮರಳದೆ ಉಳಿದವರ ಪ್ರಮಾಣವೂ ಕಡಿಮೆ ಇತ್ತೆಂದು ಆಮೇಲಿನ ಒಂದು ವಿಶ್ಲೇಷಣೆ ಹೇಳಿತು. ಅದು ಪರೀಕ್ಷೆ ಮುಗಿದ ಮೇಲೆ ಹೆಕ್ಕಿದ ಲೆಕ್ಕ, ಹಾಗಾಗಿ ಕೊನೆಯ ಮಾತಲ್ಲ. ಆದರೂ ನಕಲನ್ನು ಅಳೆಯುವ ಸೇರು ತಾನೇ ಅಲುಗಾಡಿತ್ತು, ಮತ್ತು ಅಲುಗಾಡಿದ್ದು ಬಿಳಿಕಣ ಕೈಯಿಡುವ ಜಾಗದಲ್ಲೇ.

ಕೀಮೋ ನಡೆಯುವಾಗ ‘ಕೌಂಟ್ ಬಿದ್ದಿದೆ, ಮುಂದಿನ ವಾರ ಬನ್ನಿ’ ಎನ್ನುವ ಮಾತು ಈಗ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಆ ಎಣಿಕೆ ಮುಖ್ಯವಾಗಿ ಸೋಂಕಿನ ಭಯಕ್ಕೆ. ಗಡ್ಡೆಯೊಳಗೇ ನುಗ್ಗಿ ಕೂತ ಬಿಳಿಕಣಗಳ ಎಣಿಕೆ ಬೇರೆ. ಹರ್-2 ಇಲ್ಲದ, ಹಾರ್ಮೋನಿಗೂ ಬಗ್ಗದ ಗಡ್ಡೆಗಳಲ್ಲಿ ಅವು ಹೆಚ್ಚಿದ್ದಷ್ಟೂ ರೋಗಿಗೆ ಒಳ್ಳೆಯದು. ಆ ಕಣಗಳಿಗೆ ಬಿದ್ದ ಬ್ರೇಕು ತೆಗೆಯುವ ಪೆಂಬ್ರೊಲಿಜುಮ್ಯಾಬ್ ಅನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೀಮೋ ಜೊತೆ ಕೊಡಲು 2021ರಲ್ಲಿ ಅಮೆರಿಕ ಒಪ್ಪಿತು. ಅದೂ ಪ್ರತಿಕಾಯವೇ, ಅದೂ ಪೇಟೆಂಟಿನೊಳಗೆ. ಅದರ ಬೆಲೆಯ ಮುಂದೆ ಕ್ಯಾನ್‌ಮ್ಯಾಬ್ ನಿಜಕ್ಕೂ ಅಗ್ಗ.