ಎತ್ತರದ ಮಾತು

ಕನ್ನಡದ ಮೇಷ್ಟರಿಗೆ ಕಾಂಕ್ರೀಟಿನ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಚನ್ನರಾಯಪಟ್ಟಣದ ಹುಡುಗನಾಗಿ ನಾನು ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಏರಿದಾಗಲೆಲ್ಲ, ಕೆಳಗೆ ನಿಂತಾಗ ಕಾಣದ ಕೆರೆಗಳು ಕಣ್ಣಿಗೆ ಬೀಳುತ್ತಿದ್ದವು. ದೂರದರ್ಶನದ ತರಂಗವೂ ಬಹುಮಟ್ಟಿಗೆ ನಮ್ಮ ನೋಟದಂತೆಯೇ ನೇರವಾಗಿ ಸಾಗುತ್ತದೆ. ಭೂಮಿಯ ದುಂಡನ್ನು ಬಳಸಿ ಬಾರದು. ಪ್ರಸಾರಕ್ಕೆ ಎತ್ತರ ಬೇಕಾದುದು ಆ ಕಾರಣದಿಂದ.

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಮೊದಲು ಯೋಚಿಸಿದ್ದು ತಂತಿಗಳಿಂದ ಬಿಗಿದ ಉಕ್ಕಿನ ಕಂಬವನ್ನು. ಅದು ಬೇಡ, ಕಾಂಕ್ರೀಟಿನ ಗೋಪುರವನ್ನೇ ಕಟ್ಟೋಣವೆಂದರು ಎಂಜಿನಿಯರ್ ಫ್ರಿಟ್ಸ್ ಲಿಯೊನ್‌ಹಾರ್ಟ್. ಒಳಗೆಲ್ಲ ಟೊಳ್ಳು, ಬುಡ ದಪ್ಪ, ಮೇಲೇರಿದಂತೆ ಸಣ್ಣ. ಗಾಳಿಯು ಗೋಪುರವನ್ನು ಬಗ್ಗಿಸುವ ಬಲ ಬುಡದಲ್ಲಿಯೇ ಅತಿ ಹೆಚ್ಚಷ್ಟೆ! ಕಾಂಕ್ರೀಟು ಭಾರವನ್ನು ಹೊರುತ್ತದೆ, ಒಳಗಿನ ಕಬ್ಬಿಣದ ಸರಳು ಎಳೆತವನ್ನು ತಡೆಯುತ್ತದೆ. 1956ರಲ್ಲಿ ತೆರೆದ ಈ ಗೋಪುರದ ಎತ್ತರ 200 ಮೀಟರಿಗೂ ಮಿಗಿಲು. ಮೇಲೊಂದು ಉಪಾಹಾರಗೃಹವೂ ಉಂಟು; ಜನ ದುಡ್ಡು ತೆತ್ತು ಹತ್ತಿದರು. ದೆಹಲಿಯ ಪೀತಂಪುರಾದಲ್ಲಿ 1988ರಲ್ಲಿ ಎದ್ದ 235 ಮೀಟರಿನ ಗೋಪುರ ಇದೇ ವಂಶದ್ದು.

ಹಾಸನದ ಪಾಲಿಗೆ ಬಂದದ್ದು ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, 1982ರಲ್ಲಿ. ಉಪಗ್ರಹವೆಂದರೆ ಸುಮಾರು 36,000 ಕಿಲೋಮೀಟರ್ ಎತ್ತರದ, ಬುಡವೇ ಇಲ್ಲದ ಗೋಪುರ! ಆದರೆ ಆ ವರ್ಷದ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ, ಇಂಧನ ತೀರಿ ಸೆಪ್ಟೆಂಬರಿನಲ್ಲಿಯೇ ಕೈಬಿಟ್ಟಿತು.

ಗೋಪುರದ ಕಾಲ ಮುಗಿಯಿತೆಂದು ಅರಕಲಗೂಡಿನ ನನ್ನ ಹಳೆಯ ಶಿಷ್ಯರೊಬ್ಬರು ವಾದಿಸುತ್ತಾರೆ. ನಾನು ಒಪ್ಪಲಾರೆ. ಸ್ಟುಟ್‌ಗಾರ್ಟಿನ ಗೋಪುರವನ್ನು 2013ರಲ್ಲಿ ಜನರಿಗೆ ಮುಚ್ಚಿದರು, ನಿಜ. ಬೆಂಕಿ ಬಿದ್ದರೆ ಇಳಿಯುವ ದಾರಿ ಸಾಲದೆಂಬುದು ಕಾರಣ. ಕಾಂಕ್ರೀಟು ಸೋತಿರಲಿಲ್ಲ. 2016ರಲ್ಲಿ ಮತ್ತೆ ತೆರೆದರು.