ನಯ ಬೇರೆ, ಹದ ಬೇರೆ: ಒರಟು ಕೆಲಸದ ರೈಫಲ್‌ಗಳನ್ನು ನಂಬಬಹುದೇ ಎಂಬ ಪ್ರಶ್ನೆಯ ಚರಿತ್ರೆ

1942ರಲ್ಲಿ ಸೋವಿಯತ್ ಒಕ್ಕೂಟದ ಇಜೆವ್‌ಸ್ಕ್ ಕಾರ್ಖಾನೆಯಿಂದ ಹೊರಬಿದ್ದ ಮೋಸಿನ್-ನಾಗಾಂತ್ ರೈಫಲಿನ ರಿಸೀವರ್ ಮೇಲೆ ಬೆರಳಾಡಿಸಿದರೆ ಉಗುರು ತಡೆಯುತ್ತದೆ. ಬೋಲ್ಟು ಕೂರುವ ಆ ಉಕ್ಕಿನ ಚೌಕಟ್ಟಿನ ಹೊರಮೈಯಲ್ಲಿ ನೇಗಿಲ ಸಾಲಿನಂತೆ ಮಿಲ್ಲಿಂಗ್ ಕಟರಿನ ಗೆರೆಗಳು. ಕೆಲವು ಕಡೆ ಕಟರು ನಡುಗಿ ಎಬ್ಬಿಸಿದ ಅಲೆಗಳು. ಅದರ ಮೇಲೇ ಕಪ್ಪು ಬಣ್ಣ ಹಿಡಿಸಿ ಕಳಿಸಿದ್ದಾರೆ. ಮರದ ಭಾಗದಲ್ಲಿ ಅರದ ಗುರುತುಗಳು ಹಾಗೇ ಇವೆ. ಅದೇ ಮಾದರಿಯ, 1930ರ ದಶಕದ ಶಾಂತಿಕಾಲದ ರೈಫಲನ್ನು ಪಕ್ಕದಲ್ಲಿಟ್ಟರೆ ಇವೆರಡೂ ಒಂದೇ ಕಾರ್ಖಾನೆಯ ಕೂಸುಗಳೆಂದು ಹೇಳುವುದು ಕಷ್ಟ.

ನೋಡಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಇಷ್ಟು ಒರಟಾಗಿ ಮಾಡಿದ್ದು ಕೈಕೊಡದೆ ಇರುತ್ತದೆಯೇ ಎಂಬುದು ಒಂದು. ರಷ್ಯದವರ ಕೋವಿ ಒರಟಾಗಿರುವುದರಿಂದಲೇ ಎಲ್ಲವನ್ನೂ ತಾಳಿಕೊಳ್ಳುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ವಾದ. ನಮ್ಮ ಹಳ್ಳಿಯ ಕಮ್ಮಾರರ ಮಾತಿನಲ್ಲಿ ನಯಕ್ಕೂ ಹದಕ್ಕೂ ಇರುವ ಅಂತರವನ್ನು ಮರೆತಾಗ ಈ ಎರಡೂ ತಪ್ಪುಗಳು ಹುಟ್ಟುತ್ತವೆ. ನಯ ಕಣ್ಣಿಗೆ ಕಾಣುತ್ತದೆ. ಉಕ್ಕನ್ನು ಎಷ್ಟು ಕಾಸಿ, ಯಾವಾಗ ಅದ್ದಿ ತಣಿಸಿದರು ಎಂಬ ಹದ ಕಾಣುವುದಿಲ್ಲ. ಕುಡುಗೋಲಿನ ಮೈ ಮಸಿಯಾಗಿದ್ದರೂ ಬಾಯಿ ಹದವಾಗಿದ್ದರೆ ಪೈರು ಕೊಯ್ಯುತ್ತದೆ. ಹೊಳೆಯುವ ಕುಡುಗೋಲಿನ ಹದ ಮೀರಿದ್ದರೆ ಮೊದಲ ಕಲ್ಲಿಗೇ ಬಾಯಿ ಚಕ್ಕೆ ಏಳುತ್ತದೆ.

ಇಜೆವ್‌ಸ್ಕ್‌ನಲ್ಲಿ ನಡೆದದ್ದನ್ನೇ ಮೊದಲು ನೋಡೋಣ. 1941ರ ಜೂನ್ 22ರಂದು ಜರ್ಮನಿ ದಾಳಿ ಮಾಡಿದಾಗ ಸೋವಿಯತ್ ಸೇನೆ ಹಳೆಯ ಮೋಸಿನ್ ಬದಲು ಎಸ್‌ವಿಟಿ-40 ಎಂಬ ಅರೆಸ್ವಯಂಚಾಲಿತ ರೈಫಲಿನ ಕಡೆಗೆ ಹೊರಳುತ್ತಿತ್ತು. ಮೊದಲ ತಿಂಗಳುಗಳಲ್ಲೇ ಲಕ್ಷಾಂತರ ರೈಫಲ್‌ಗಳು ಸೈನಿಕರ ಜೊತೆಗೇ ಶತ್ರುವಿನ ಪಾಲಾದವು. ಶರತ್ಕಾಲದ ಹೊತ್ತಿಗೆ ಜರ್ಮನ್ ಸೇನೆ ತುಲಾ ನಗರದ ಬಾಗಿಲಿಗೆ ಬಂದಿತ್ತು. ಅಲ್ಲಿನ ಶಸ್ತ್ರಾಗಾರದ ಯಂತ್ರಗಳನ್ನು ಕಳಚಿ ಪೂರ್ವಕ್ಕೆ ಸಾಗಿಸಬೇಕಾಯಿತು. ಭಾರವೆಲ್ಲ ಇಜೆವ್‌ಸ್ಕ್ ಮೇಲೆ ಬಿತ್ತು. 1891ರಲ್ಲಿ ಸೇನೆ ಒಪ್ಪಿ, 1930ರಲ್ಲಿ ತಿದ್ದಿದ ಹಳೆಯ ಮಾದರಿಗೇ ಮರಳಿ 1942ರ ಒಂದೇ ವರ್ಷದಲ್ಲಿ ಆ ಕಾರ್ಖಾನೆ ಸುಮಾರು 30 ಲಕ್ಷ ರೈಫಲ್ ಮಾಡಿತು.

ಆ ವೇಗ ಬಂದದ್ದು ಎಲ್ಲಿಂದ? ರಿಸೀವರನ್ನು ಕತ್ತರಿಸುವಾಗ ಮೊದಲು ದಪ್ಪಗೆ ಲೋಹ ತೆಗೆಯುತ್ತಾರೆ, ಕೊನೆಗೆ ತೆಳುವಾಗಿ ಒಂದು ಸುತ್ತು ಹೊಡೆದು ಮೈ ನುಣುಪು ಮಾಡುತ್ತಾರೆ. ಹೊರಮೈಗೆ ಈ ಕೊನೆಯ ಸುತ್ತನ್ನೇ ಬಿಟ್ಟರು. ಸವೆದ ಕಟರುಗಳನ್ನು ಇನ್ನಷ್ಟು ದಿನ ದುಡಿಸಿದರು. ರಿಸೀವರಿನ ಎಡಗೋಡೆಯನ್ನು ತಗ್ಗಿಸುವ ಕೆಲಸವೂ ಹಲವು ರೈಫಲ್‌ಗಳಲ್ಲಿ ಹೋಯಿತು. ಸಂಗ್ರಾಹಕರು ಇಂದಿಗೂ ಆ ಎತ್ತರದ ಗೋಡೆಯಿಂದಲೇ ಅವನ್ನು ಗುರುತಿಸುತ್ತಾರೆ. ಹೆಗಲಪಟ್ಟಿ ಹಾಯುವ ಮರದ ಸೀಳಿಗೆ ಕೂರಿಸುತ್ತಿದ್ದ ಲೋಹದ ಅಂಚುಗಳನ್ನೂ ಬಿಟ್ಟರು.

ಕೈಬಿಡದೆ ಉಳಿಸಿಕೊಂಡದ್ದನ್ನೂ ಇಷ್ಟೇ ಗಮನವಿಟ್ಟು ನೋಡಬೇಕು. ಬೋಲ್ಟನ್ನು ಬಿಗಿಹಿಡಿಯುವ ಲಗ್ ಎಂಬ ಮುಂಚಾಚುಗಳು ಕೂರುವ ಒಳಮೈ, ನಳಿಗೆಯ ಒಳಗೆರೆಗಳು, ತೋಟಾ ಕೂರುವ ಚೇಂಬರಿನ ಅಳತೆ, ತೋಟಾದ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಎಡೆ, ಇವು ಮೊದಲಿನಂತೆಯೇ ಅಳತೆ ತಾಳೆನೋಡುವ ಗೇಜ್ ದಾಟಬೇಕಿತ್ತು. ಅದೇ 1942-43ರಲ್ಲಿ ಇಜೆವ್‌ಸ್ಕ್ ದೂರದ ಗುರಿಕಾರರಿಗೆಂದು ದುರ್ಬೀನು ಕೂರಿಸಿದ ರೈಫಲ್‌ಗಳನ್ನೂ ಮಾಡುತ್ತಿತ್ತು. ಅವುಗಳ ಹೊರಮೈಯೂ ಒರಟೇ. ಚೆನ್ನಾಗಿ ಗುರಿ ಹಿಡಿಯುವ ನಳಿಗೆಗಳನ್ನು ಮಾತ್ರ ಆರಿಸಿಕೊಳ್ಳುತ್ತಿದ್ದರು. ಇದು ಅಚಾತುರ್ಯದ ಕೆಲಸವಲ್ಲ. ಎಲ್ಲಿ ಒರಟಾಗಬಹುದು, ಎಲ್ಲಿ ಆಗಕೂಡದು ಎಂದು ಗೊತ್ತಿದ್ದವರ ಲೆಕ್ಕಾಚಾರ.

ಫಿನ್ಲೆಂಡ್ ಇದಕ್ಕೆ ಬೇರೆ ದಿಕ್ಕಿನಿಂದ ಸಾಕ್ಷಿ ಕೊಡುತ್ತದೆ. ಫಿನ್ ಸೇನೆಯ ಮೋಸಿನ್‌ಗಳಿಗೆ ನಿಖರತೆಯ ವಿಷಯದಲ್ಲಿ ಒಳ್ಳೆಯ ಹೆಸರಿದೆ. ಆದರೆ ಫಿನ್ಲೆಂಡ್ ಮೋಸಿನ್ ರಿಸೀವರನ್ನು ಎಂದೂ ತಾನಾಗಿ ತಯಾರಿಸಲಿಲ್ಲ. ರಷ್ಯದಿಂದ ಬಂದ, ಕೈವಶವಾದ, ಕೊಂಡ ರಿಸೀವರುಗಳಿಗೇ ತನ್ನ ನಳಿಗೆ, ತನ್ನ ಮರ ಕೂಡಿಸಿತು. ಗುರಿ ಸುಧಾರಿಸಿದ್ದು ನಳಿಗೆಯಿಂದ, ಮರದ ಹೊಂದಿಕೆಯಿಂದ. ನಿಖರತೆ ಮತ್ತು ನಂಬಿಕೆ ಎರಡೂ ಬೇರೆ ಬೇರೆ ಎಂಬುದನ್ನು ಈ ಚರ್ಚೆಯಲ್ಲಿ ಬಹಳ ಮಂದಿ ಮರೆಯುತ್ತಾರೆ.

ಇನ್ನು ಇದರ ಕನ್ನಡಿಬಿಂಬದಂಥ ಪ್ರಕರಣ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ಆ ಕಾಲದ ಅತ್ಯಂತ ಅಂದದ ಸೇನಾ ರೈಫಲ್‌ಗಳಲ್ಲಿ ಒಂದು. ಮರ, ಉಕ್ಕು, ಬಣ್ಣ ಯಾವುದರಲ್ಲೂ ಬೆರಳಿಟ್ಟು ತೋರಿಸುವ ಕುಂದಿಲ್ಲ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕಿಳಿದ ವರ್ಷ ಕೆಲವು ರೈಫಲ್‌ಗಳ ರಿಸೀವರುಗಳು ಗುಂಡು ಹಾರಿಸುವಾಗಲೇ ಚೂರಾದವು. ಬುಡ ಮೆದುವಾಗಿದ್ದ ತೋಟಾಗಳೂ ಇದಕ್ಕೆ ಕಾರಣವಾಗಿದ್ದವು. ಬುಡ ಸೀಳಿ ಹಿಂದಕ್ಕೆ ನುಗ್ಗಿದ ಅನಿಲವನ್ನು ತಡೆಯಬೇಕಾಗಿದ್ದ ಉಕ್ಕೇ ಗಾಜಿನಂತೆ ಒಡೆಯಿತು. ಅಂಥ ಕೆಲವು ರಿಸೀವರುಗಳು ಸುತ್ತಿಗೆಯ ಏಟಿಗೂ ತುಂಡಾಗುತ್ತಿದ್ದವು.

ವಿಚಾರಣೆಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಕುಲುಮೆ. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಅನುಭವಿ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಿನಿಂದಲೇ ಅಳೆದು ಹದ ಕಟ್ಟುತ್ತಿದ್ದರು. ಮೋಡ ಕವಿದ ದಿನ ಕೆಂಪಾಗಿ ಕಂಡ ಉಕ್ಕು, ಕಿಟಕಿಯಿಂದ ಬಿಸಿಲು ಬೀಳುವ ದಿನ ಅದೇ ಕೆಂಪಾಗಿ ಕಾಣಲು ಎಷ್ಟೋ ಹೆಚ್ಚು ಕಾಯಬೇಕಿತ್ತು. ಅಮೆರಿಕ ಸೇನೆಯ ಶಸ್ತ್ರಾಸ್ತ್ರ ವಿಭಾಗದ ಅಧಿಕಾರಿ ಜೂಲಿಯನ್ ಹ್ಯಾಚರ್ ಈ ಸಂಗತಿಯನ್ನು 1947ರ ತನ್ನ ‘ಹ್ಯಾಚರ್ಸ್ ನೋಟ್‌ಬುಕ್’ನಲ್ಲಿ ವಿವರವಾಗಿ ದಾಖಲಿಸಿದ್ದಾನೆ. ಅವನ ಪ್ರಕಾರ ಈ ವ್ಯತ್ಯಾಸ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಇತ್ತು. ಅಂದರೆ ಬಿಸಿಲ ದಿನದ ರಿಸೀವರು ಸುಟ್ಟ ಉಕ್ಕು. ಆಮೇಲೆ ಅದಕ್ಕೆ ಎಷ್ಟು ಮೆರುಗು ಕೊಟ್ಟರೂ ಹದ ಮರಳುವುದಿಲ್ಲ. 1918ರಲ್ಲಿ ಶಾಖಮಾಪಕ ಬಂತು, ಎರಡು ಹಂತದ ಹದ ಬಂತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ 8,00,000ಕ್ಕಿಂತ ಕೆಳಗಿನ, ರಾಕ್ ಐಲೆಂಡ್ ಶಸ್ತ್ರಾಗಾರದಲ್ಲಿ 2,85,507ಕ್ಕಿಂತ ಕೆಳಗಿನ ಸಂಖ್ಯೆಯ ರೈಫಲ್‌ಗಳನ್ನು ಬಲ್ಲವರು ಇಂದಿಗೂ ಹಾರಿಸುವುದಿಲ್ಲ.

ಮೋಸಿನ್ ಮತ್ತು ಸ್ಪ್ರಿಂಗ್‌ಫೀಲ್ಡ್ ಎರಡನ್ನೇ ಹಿಡಿದು ‘ಒರಟೇ ಗಟ್ಟಿ, ನುಣುಪೇ ಟೊಳ್ಳು’ ಎಂದುಬಿಟ್ಟರೆ ಮತ್ತೊಂದು ಮೂಢನಂಬಿಕೆ ಹುಟ್ಟುತ್ತದೆ. ಮೇಲಾಗಿ ಇಲ್ಲಿಯವರೆಗೆ ಹೇಳಿದ್ದು ಒಡೆಯದಿರುವ ಮಾತು. ಕೋವಿ ಒಡೆಯದಿದ್ದರೂ ಕೈಕೊಡಬಹುದು. ಲಂಡನ್ ಬಂದೂಕುಗಾರರ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿತು, ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲಿ ಪರೀಕ್ಷಾಗೃಹ ಬಂತು. ಅಲ್ಲೆಲ್ಲ ಮದ್ದು ಹೆಚ್ಚು ತುಂಬಿ ಹಾರಿಸಿ, ತಾಳಿದ ನಳಿಗೆಗೆ ಮುದ್ರೆ ಒತ್ತುತ್ತಿದ್ದರು. ನಳಿಗೆ ಸಿಡಿಯುವುದಿಲ್ಲ ಎಂಬುದಕ್ಕೆ ಆ ಮುದ್ರೆ ಸಾಕ್ಷಿ. ಕೆಸರಿನಲ್ಲಿ ನೂರನೆಯ ಗುಂಡು ಹೊರಡುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗೆ 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್‌ನಲ್ಲಿ ಉತ್ತರ ಸಿಕ್ಕಿತು. ಕೆನಡಾದ ಮೊದಲ ಡಿವಿಜನ್ನಿನ ಕೈಯಲ್ಲಿದ್ದದ್ದು ಸರ್ ಚಾರ್ಲ್ಸ್ ರಾಸ್ ರೂಪಿಸಿ, ಕ್ವಿಬೆಕ್ ನಗರದಲ್ಲಿ ತಯಾರಾದ ರಾಸ್ ರೈಫಲ್. ಇಂಗ್ಲೆಂಡಿನ ಬಿಸ್ಲಿ ಗುರಿಸ್ಪರ್ಧೆಗಳಲ್ಲಿ ಬಹುಮಾನ ಬಾಚಿದ ಹೆಸರು ಅದು. ಬೋಲ್ಟನ್ನು ತಿರುಗಿಸದೆ ನೇರ ಎಳೆದು ತಳ್ಳಿದರೆ ಸಾಕು. ಚೇಂಬರ್ ಬಿಗಿ, ಎಲ್ಲವೂ ಅಚ್ಚುಕಟ್ಟು. ಆದರೆ ಬ್ರಿಟಿಷ್ ಕಾರ್ಖಾನೆಗಳು ಯುದ್ಧದ ಅವಸರದಲ್ಲಿ ಮಾಡಿದ ತೋಟಾಗಳ ಅಳತೆ ಅತ್ತಿತ್ತ ಇತ್ತು. ಬಿಗಿ ಚೇಂಬರಿನಲ್ಲಿ ಅವು ಕಚ್ಚಿಕೊಂಡವು. ಬೋಲ್ಟನ್ನು ಹಿಂದಕ್ಕೆಳೆದಾಗಲೆಲ್ಲ ಅದರ ಲಗ್ ಪುಟ್ಟ ತಡೆಗೆ ಬಡಿದು ಅಂಚು ಜಜ್ಜಿಹೋಗುತ್ತಿತ್ತು. ಜಜ್ಜಿದ ಅಂಚು ರಿಸೀವರಿನ ತೋಡಿನೊಳಗೆ ಸಲೀಸಾಗಿ ಹೋಗಲೊಲ್ಲದು. ಕೈಯಲ್ಲಿ ಆಗದೆ ಸೈನಿಕರು ಬೋಲ್ಟನ್ನು ಬೂಟಿನಿಂದ ಒದ್ದು ತೆರೆದರು. ಆ ಕದನದಲ್ಲಿ ಬದುಕುಳಿದ ಸುಮಾರು 5,000 ಮಂದಿಯಲ್ಲಿ 1,452 ಮಂದಿ ರಾಸ್ ಬಿಸಾಡಿ, ಸತ್ತ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರೆಂದು ಲೆಕ್ಕ. ಅದೇ ಏಪ್ರಿಲ್ 26ರಂದು ಅದೇ ರಣರಂಗಕ್ಕಿಳಿದ ನಮ್ಮ ಲಾಹೋರ್ ಡಿವಿಜನ್ನಿನ ಕೈಯಲ್ಲಿದ್ದದ್ದೂ ಲೀ-ಎನ್‌ಫೀಲ್ಡೇ. ರಾಸ್ ಪರವಾಗಿ ಹಟ ಹಿಡಿದಿದ್ದ ಕೆನಡಾದ ಮಂತ್ರಿ ಸ್ಯಾಮ್ ಹ್ಯೂಸ್ 1916ರ ನವೆಂಬರಿನಲ್ಲಿ ಸ್ಥಾನ ಕಳೆದುಕೊಂಡ. ಅಷ್ಟರೊಳಗೆ ರೈಫಲೂ ಮುಂಚೂಣಿಯಿಂದ ಹಿಂದೆ ಸರಿದಿತ್ತು. ಗುರಿಕಾರರು ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ. ತೋಟಾಗಳನ್ನು ಆರಿಸಿಕೊಂಡು, ರೈಫಲನ್ನು ಒರೆಸಿಕೊಂಡು ಬಳಸುವವರಿಗೆ ರಾಸ್ ಚೊಕ್ಕ ಚಿನ್ನ.

ಇಲ್ಲಿ ಎರಡು ಪದಗಳನ್ನು ಬಿಡಿಸಿ ನೋಡಬೇಕು. ಗ್ಯಾರೇಜಿನವರು ‘ಪ್ಲೇ’ ಎನ್ನುತ್ತಾರಲ್ಲ, ಎರಡು ಭಾಗಗಳ ನಡುವೆ ಬೇಕೆಂದೇ ಬಿಟ್ಟ ಆ ಜಾಗ ಕ್ಲಿಯರೆನ್ಸ್. ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆಯನ್ನು ಮನ್ನಿಸಬಹುದು ಎಂಬುದು ಟಾಲರೆನ್ಸ್. ಕೆಸರನ್ನು ನುಂಗಿಕೊಂಡು ಓಡುವ ಕೋವಿಗೆ ಪ್ಲೇ ಧಾರಾಳವಾಗಿರುತ್ತದೆ, ಟಾಲರೆನ್ಸ್ ಸಡಿಲವಾಗಿರಬೇಕಾಗಿಲ್ಲ. ಕಲಾಶ್ನಿಕೋವ್ ಬಗೆಗಿನ ಜನಪ್ರಿಯ ಬರಹಗಳು ಇವೆರಡನ್ನು ಕಲಸಿಬಿಡುತ್ತವೆ. 1949ರ ಮೊದಲ ಎಕೆ ರೈಫಲ್‌ಗಳಿಗೆ ತಗಡನ್ನು ಒತ್ತಿ ರಿಸೀವರ್ ಮಾಡಲು ಹೋದಾಗ ತಿರಸ್ಕೃತ ಮಾಲು ಎಷ್ಟು ಬಂತೆಂದರೆ, ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಇಡಿಯ ಉಕ್ಕನ್ನು ಕೊರೆಯುವ ದುಬಾರಿ ದಾರಿ ಹಿಡಿದರು. ತಗಡಿನ ಕೆಲಸ ಕೈಗೆ ಹತ್ತಿ, ಎಕೆಯ ಸುಧಾರಿತ ರೂಪವಾದ ಎಕೆಎಂ ಬಂದದ್ದು 1959ರಲ್ಲಿ. ತಪಾಸಣೆ ಸಡಿಲವಾಗಿದ್ದರೆ ಆ ಹತ್ತು ವರ್ಷ ಕಾಯುವ ಅಗತ್ಯವಿರಲಿಲ್ಲ.

ಜಪಾನಿನ ಅರಿಸಾಕಾ ರೈಫಲ್‌ಗಳ ವಿಷಯ ಹೆಚ್ಚು ಗೋಜಲು. 1939ರ ಟೈಪ್ 99 ರೈಫಲಿನ ಮೊದಲ ತಂಡಗಳಲ್ಲಿ ನಳಿಗೆಯೊಳಗೆ ಕ್ರೋಮ್ ಲೇಪನ, ವಿಮಾನಕ್ಕೆ ಗುರಿಯಿಡುವ ರೆಕ್ಕೆಗಳು, ದೂಳು ತಡೆಯುವ ಮುಚ್ಚಳ ಎಲ್ಲ ಇದ್ದವು. 1945ರ ಹೊತ್ತಿಗೆ ಕ್ರೋಮ್ ಇಲ್ಲ, ಮುಚ್ಚಳ ಇಲ್ಲ, ಹಿಡಿಯ ತುದಿಗೆ ಮೊಳೆ ಹೊಡೆದ ಮರದ ಹಲಗೆ. ಇವುಗಳನ್ನು ಸಮರ್ಥಿಸುವವರು ಅಮೆರಿಕದ ಕೋವಿ ಕುಶಲಿ ಪಿ. ಓ. ಆಕ್ಲಿಯ ಪರೀಕ್ಷೆಗಳನ್ನು ಮುಂದಿಡುತ್ತಾರೆ. ಹಲವು ದೇಶಗಳ ಸೇನಾ ರೈಫಲ್‌ಗಳಿಗೆ ಮದ್ದು ಏರಿಸುತ್ತಾ ಹೋದಾಗ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಅರಿಸಾಕಾ, ನಿಜ. ಆದರೆ ಆ ಖ್ಯಾತಿ ಮುಖ್ಯವಾಗಿ 6.5 ಮಿ.ಮೀ.ನ ಹಳೆಯ ಟೈಪ್ 38ರದು. ಅದರ ಪುಣ್ಯವನ್ನು ಕೊನೆಗಾಲದ ಟೈಪ್ 99ಕ್ಕೆ ಧಾರೆಯೆರೆಯುವುದು ಸಂಶೋಧನೆಯ ರೀತಿಯಲ್ಲ. ಅಪವಾದವೂ ಇಷ್ಟೇ ಅನ್ಯಾಯದ್ದು. ಶಾಲಾ ಹುಡುಗರ ಕವಾಯತಿಗೆಂದು, ಖಾಲಿ ಮದ್ದಿಗಷ್ಟೇ ಮಾಡಿದ ಮೆದು ಲೋಹದ ಕೋವಿಗಳೂ ನೋಟಕ್ಕೆ ಹೀಗೇ ಇದ್ದವು. ಅವುಗಳಿಗೆ ನಿಜವಾದ ತೋಟಾ ಹಾಕಿ ಹಾರಿಸುವುದು ಪ್ರಾಣಕ್ಕೇ ಅಪಾಯ. ಅವುಗಳ ಕೆಟ್ಟ ಹೆಸರು ಕೊನೆಗಾಲದ ಎಲ್ಲ ಅರಿಸಾಕಾಗಳಿಗೂ ಅಂಟಿಕೊಂಡಿತು.

ನಯ ನಿಜವಾಗಿಯೂ ಲೆಕ್ಕಕ್ಕೆ ಬರುವ ಜಾಗ ಯಾವುದು ಹಾಗಾದರೆ? ಮುಖ್ಯವಾಗಿ ಚೇಂಬರ್. ಗುಂಡು ಹೊರಟಾಗ ತೋಟಾದ ಲೋಹದ ಗೋಡೆ ಉಬ್ಬಿ ಚೇಂಬರಿನ ಮೈಗೆ ಒತ್ತಿಕೊಳ್ಳುತ್ತದೆ. ಆ ಮೈಯಲ್ಲಿ ಗೆರೆ, ಕುಳಿ, ತುಕ್ಕು ಇದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ವಿಯೆಟ್ನಾಂನಲ್ಲಿ 1966-67ರಲ್ಲಿ ಎಂ16 ರೈಫಲ್ ಕೈಕೊಟ್ಟದ್ದಕ್ಕೆ ಕಾರಣಗಳು ಹಲವು. ಮದ್ದಿನ ಬಗೆ ಬದಲಾಗಿತ್ತು, ಒರೆಸುವ ಸಾಮಾನು ಸಾಲದಾಗಿತ್ತು. ಅವುಗಳಲ್ಲೊಂದು, ಕ್ರೋಮ್ ಇಲ್ಲದ ಚೇಂಬರ್ ಅಲ್ಲಿನ ತೇವಕ್ಕೆ ತುಕ್ಕು ಹಿಡಿದು ಕುಳಿಬಿದ್ದದ್ದು. ಹೊರಗಿನಿಂದ ನೋಡಿದರೆ ಆ ರೈಫಲ್ ವಿಮಾನದ ಬಿಡಿಭಾಗದಷ್ಟು ನಯ. 1967ರಲ್ಲಿ ಅಮೆರಿಕ ಸಂಸತ್ತಿನ ಇಕಾರ್ಡ್ ಉಪಸಮಿತಿ ಈ ಹಗರಣವನ್ನು ಕೆದಕಿತು. ಮುಂದೆ ಚೇಂಬರಿಗೆ ಕ್ರೋಮ್ ಬಂತು. ಚೇಂಬರನ್ನು ಬಿಟ್ಟರೆ ಮ್ಯಾಗಜಿನ್ನಿನ ತುಟಿಗಳು. 1941ರ ಬ್ರಿಟಿಷ್ ಸ್ಟೆನ್ ಕೋವಿಯ ಕೊಳಾಯಿಯಂಥ ಮೈಯನ್ನೂ ವೆಲ್ಡಿಂಗಿನ ಗಂಟುಗಳನ್ನೂ ನೋಡಿ ನಕ್ಕವರೇ ಎಲ್ಲ. ಅದು ಸಿಕ್ಕಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಮ್ಯಾಗಜಿನ್ನಿನ ಬಾಯಿಯಲ್ಲಿ.

ಆಧಾರಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಇಂದು ಸಂಗ್ರಹಗಳಲ್ಲಿರುವ ಯುದ್ಧಕಾಲದ ಮೋಸಿನ್‌ಗಳಲ್ಲಿ ಬಹುಪಾಲು, ಯುದ್ಧ ಮುಗಿದ ಮೇಲೆ ಸೋವಿಯತ್ ಆಯುಧಾಗಾರಗಳಲ್ಲಿ ಬಿಚ್ಚಿ, ಕೆಟ್ಟ ಭಾಗ ಬದಲಿಸಿ, ಗ್ರೀಸು ಬಳಿದು ಇಟ್ಟಂಥವು. ತೀರಾ ಕೆಟ್ಟದ್ದು ಆಗಲೇ ಗುಜರಿಗೆ ಹೋಗಿದೆ. ಹೀಗಾಗಿ ‘ನನ್ನ 1942ರ ರೈಫಲ್ ಒಮ್ಮೆಯೂ ಕೈಕೊಟ್ಟಿಲ್ಲ’ ಎಂಬ ಸಾಕ್ಷ್ಯಕ್ಕೆ ತೂಕ ಕಡಿಮೆ. ಬೋಲ್ಟು ಬಿಗಿಯಾಗಿ ಏಳುತ್ತದೆ, ಒರಟು ಕೆಲಸದ ಫಲ ಎಂಬ ದೂರನ್ನೂ ಹಾಗೇ ನಂಬಲಾಗದು. ಎಷ್ಟೋ ಸಲ ಚೇಂಬರಿನಲ್ಲಿ ಉಳಿದ ಆ ಹಳೆಯ ಗ್ರೀಸು ನಾಲ್ಕಾರು ಗುಂಡಿನ ಕಾವಿಗೆ ಅಂಟಾಗಿ ತೋಟಾವನ್ನು ಹಿಡಿದುಕೊಂಡಿರುತ್ತದೆ. 1942ರ ಕೆಲಸಗಾರನ ತಪ್ಪು ಅದರಲ್ಲಿಲ್ಲ.

1910ರ ಸುಮಾರಿನ ಕನ್ನಡಿಯಂಥ ಸ್ಪ್ರಿಂಗ್‌ಫೀಲ್ಡ್ ಒಂದು, 1942ರ ಗೀರುಮೈಯ ಇಜೆವ್‌ಸ್ಕ್ ಒಂದು, ಎರಡನ್ನೂ ಮುಂದಿಟ್ಟು ಒಂದರಿಂದ ಗುಂಡು ಹಾರಿಸು ಎಂದರೆ ನಾನು ಎತ್ತಿಕೊಳ್ಳುವುದು ಇಜೆವ್‌ಸ್ಕ್ ರೈಫಲನ್ನೇ, ಮೊದಲು ಗೇಜ್ ಹಾಕಿಸಿ, ಚೇಂಬರಿಗೆ ಬಟ್ಟೆ ತೂರಿಸಿ ಗ್ರೀಸು ಒರೆಸಿದ ಮೇಲೆ.