ಪಕ್ಕದ ಬೂಸ್ಟರ್ ಇರುವ ಮಾದರಿ ರಾಕೆಟ್: ಪಿ.ಎಸ್.ಎಲ್.ವಿ.ಯನ್ನು ಅಳತೆಗೆ ಕಟ್ಟಿ ಹಾರಿಸುವ ಬಗೆ

ನಮ್ಮ ಗಡಿ ಊರುಗಳ ಕನ್ನಡ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಎಂದರೆ ರಾಕೆಟ್ ಮಾದರಿ ಇದ್ದೇ ಇರುತ್ತದೆ. ರಟ್ಟಿನ ಕೊಳವೆಗೆ ಬಿಳಿ ಕಾಗದ ಸುತ್ತಿ, ಮೇಲೆ ತ್ರಿವರ್ಣ ಬಿಡಿಸಿ ನಿಲ್ಲಿಸಿದರೆ ನೋಡಲು ಚೆಂದ. ಆದರೆ ಸುತ್ತಲೂ ಅಂಟಿಸಿದ ಸಣ್ಣ ಕೊಳವೆಗಳು ಏತಕ್ಕೆ ಎಂದು ಕೇಳಿದರೆ ಮಕ್ಕಳು ತಡವರಿಸುತ್ತಾರೆ. ಅವುಗಳ ಕೆಲಸವೇನು, ಅಳತೆಗೆ ಸರಿಯಾಗಿ ಮಾದರಿ ಕಟ್ಟುವುದು ಹೇಗೆ, ಹಾರಿಸುವವರು ಪಾಲಿಸುವ ನಿಯಮಗಳೇನು ಎಂಬುದು ಕನ್ನಡದಲ್ಲಿ ಒಂದೆಡೆ ಸಿಗಲೆಂದು ಇಲ್ಲಿ ಕೊಟ್ಟಿದ್ದೇವೆ. ಪಾಲಕರೂ ಶಿಕ್ಷಕರೂ ಮಕ್ಕಳೊಂದಿಗೆ ಕೂತು ಓದಬೇಕಾಗಿ ವಿನಂತಿ.

ಪಕ್ಕದ ಬೂಸ್ಟರ್ ಎಂದರೇನು?

ರಾಕೆಟ್ ಅತಿ ಭಾರವಾಗಿರುವುದು ನೆಲ ಬಿಡುವ ಹೊತ್ತಿನಲ್ಲಿ. ಆಗ ಹೆಚ್ಚಿನ ನೂಕುಬಲ ಕೊಡಲು ಮುಖ್ಯ ಕೊಳವೆಯ ಪಕ್ಕಕ್ಕೆ ಕಟ್ಟಿದ ಸಣ್ಣ ರಾಕೆಟ್‌ಗಳೇ ಸ್ಟ್ರಾಪ್-ಆನ್ ಬೂಸ್ಟರ್‌ಗಳು. ಉರಿದು ಮುಗಿದ ಮೇಲೆ ಕಳಚಿ ಬೀಳುತ್ತವೆ.

ನಮ್ಮ ಪಿ.ಎಸ್.ಎಲ್.ವಿ.ಯ ಎತ್ತರ ಸುಮಾರು 44 ಮೀಟರ್. ಅದರ ಎಕ್ಸ್.ಎಲ್. ಮಾದರಿಗೆ ಆರು ಬೂಸ್ಟರ್. ಒಂದೊಂದರಲ್ಲೂ ಸುಮಾರು 12 ಟನ್ ಘನ ಇಂಧನ. ನಾಲ್ಕು ನೆಲದ ಮೇಲೇ ಹೊತ್ತಿಕೊಳ್ಳುತ್ತವೆ, ಉಳಿದೆರಡು ಸುಮಾರು 25 ಸೆಕೆಂಡ್ ಕಳೆದು ಆಕಾಶದಲ್ಲಿ.

ಇಲ್ಲಿ ಬಲಕ್ಕಿಂತ ಕಷ್ಟದ ವಿಷಯ ಸಮತೋಲ. ಎಲ್ಲವೂ ಸಮಕ್ಕೆ, ಸರಿಯಾದ ಗಳಿಗೆಗೆ ಕೆಲಸ ಮಾಡಬೇಕು. ಇದಕ್ಕೆ ಇಸ್ರೋ ಬೆಲೆ ತೆತ್ತಿದೆ. ಪಿ.ಎಸ್.ಎಲ್.ವಿ.ಗೂ ಮೊದಲಿನ ಎ.ಎಸ್.ಎಲ್.ವಿ.ಗೆ ಎರಡು ಬೂಸ್ಟರ್ ಇದ್ದವು. ಅವು ಉರಿದು ಮುಗಿಯುತ್ತಲೇ ನಡುವಿನ ಹಂತ ಹೊತ್ತಿಕೊಳ್ಳಬೇಕಿತ್ತು. 1987ರ ಮಾರ್ಚ್ 24ರಂದು ಆ ಹಂತ ಹೊತ್ತಿಕೊಳ್ಳಲೇ ಇಲ್ಲ. 1988ರ ಜುಲೈ 13ರಂದು ಅದೇ ಸಂಧಿಯಲ್ಲಿ ರಾಕೆಟ್ ಹಿಡಿತ ತಪ್ಪಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಪ್ರೊ. ಯು. ಆರ್. ರಾವ್. ಅವರ ಕಾಲದಲ್ಲೇ, 1992ರ ಮೇ 20ರಂದು, ಮೂರನೆಯ ಎ.ಎಸ್.ಎಲ್.ವಿ. ತನ್ನ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಅಳತೆಯ ಲೆಕ್ಕ

50ರಲ್ಲಿ ಒಂದು ಅಳತೆ ಅನುಕೂಲ. ಅದರ ಪ್ರಕಾರ:

1. ಒಟ್ಟು ಎತ್ತರ 44 ಮೀಟರ್: ಮಾದರಿಯಲ್ಲಿ 88 ಸೆಂ.ಮೀ.
2. ಮುಖ್ಯ ಕೊಳವೆಯ ವ್ಯಾಸ 2.8 ಮೀಟರ್: 56 ಮಿ.ಮೀ.
3. ತುದಿಯ ಉಪಗ್ರಹ ಕವಚದ ವ್ಯಾಸ 3.2 ಮೀಟರ್: 64 ಮಿ.ಮೀ.
4. ಬೂಸ್ಟರ್ ವ್ಯಾಸ 1 ಮೀಟರ್: 20 ಮಿ.ಮೀ.
5. ಬೂಸ್ಟರ್ ಉದ್ದ ಸುಮಾರು 12 ಮೀಟರ್: 24 ಸೆಂ.ಮೀ.

ಮಾದರಿ ರಾಕೆಟ್‌ಗಳ ಸಾಮಾನ್ಯ ಎಂಜಿನ್ 18 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ. 20 ಮಿ.ಮೀ. ಬೂಸ್ಟರ್ ಕೊಳವೆಯೊಳಗೆ ಅದು ಸರಿಯಾಗಿ ಕೂರುತ್ತದೆ.

ಕಟ್ಟುವ ಕ್ರಮ

ಮೈಯೆಲ್ಲ ಕಾಗದ, ರಟ್ಟು, ಹಗುರ ಮರದ್ದೇ ಆಗಿರಬೇಕು, ಲೋಹ ಕೂಡದು. 18 ಮಿ.ಮೀ. ಕೋಲಿಗೆ ದಪ್ಪ ಕಾಗದವನ್ನು ಅಂಟು ಹಚ್ಚಿ ಸುತ್ತುತ್ತ, ಹೊರಗಿನ ಅಳತೆ 20 ಮಿ.ಮೀ. ಬಂದಾಗ ನಿಲ್ಲಿಸಿದರೆ ಬೂಸ್ಟರ್ ಕೊಳವೆ ಸಿದ್ಧ. ಮುಖ್ಯ ಕೊಳವೆಗೂ ಇದೇ ಕ್ರಮ. ಬೂಸ್ಟರ್‌ಗಳನ್ನು ಎದುರುಬದುರು ಜೋಡಿಗಳಾಗಿ ಅಂಟಿಸಬೇಕು. ಒಂದರ ತೂಕ ಅದರ ಜೋಡಿಯ ತೂಕಕ್ಕೆ ಸಮ ಇರಲಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಬಹುದು.

ಬೂಸ್ಟರ್‌ಗಳ ಜೊತೆ ಮುಖ್ಯ ಕೊಳವೆಯ ಎರಡು ಬದಿಗೆ ಎರಡು ಟ್ಯಾಂಕ್‌ಗಳೂ ಇವೆ. ಹಲವು ಮಾದರಿಗಳಲ್ಲಿ ಇವು ಬಿಟ್ಟುಹೋಗಿರುತ್ತವೆ. ಅವುಗಳಲ್ಲಿರುವ ಸ್ಟ್ರಾನ್ಷಿಯಂ ಪರ್‌ಕ್ಲೋರೇಟ್ ದ್ರಾವಣವನ್ನು ಮೊದಲ ಹಂತದ ನಳಿಕೆಯ ಒಂದು ಪಕ್ಕಕ್ಕೆ ಚಿಮ್ಮಿಸಿ ರಾಕೆಟ್ಟಿನ ದಿಕ್ಕು ತಿದ್ದುತ್ತಾರೆ.

ನೆಟ್ಟಗೆ ಹಾರಬೇಕಾದರೆ

ಮಾದರಿಯಲ್ಲಿ ದಿಕ್ಕು ತಿದ್ದುವ ವ್ಯವಸ್ಥೆ ಇರುವುದಿಲ್ಲ, ಗಾಳಿಯೇ ಅದನ್ನು ನೆಟ್ಟಗೆ ಹಿಡಿಯಬೇಕು. ತೂಕ ಸಮನಾಗುವ ಬಿಂದು ಗುರುತ್ವ ಕೇಂದ್ರ. ಗಾಳಿಯ ಒತ್ತು ಒಟ್ಟಾಗುವ ಬಿಂದು ಒತ್ತಡ ಕೇಂದ್ರ. ಗುರುತ್ವ ಕೇಂದ್ರವು ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟು ಮುಂದಿರಬೇಕು. ಇಲ್ಲಿ ಅದು 56 ಮಿ.ಮೀ.

ಪಿ.ಎಸ್.ಎಲ್.ವಿ. ಮಾದರಿಗೆ ಇಲ್ಲಿ ಎರಡು ತೊಡಕು. ಎಂಜಿನ್‌ಗಳೆಲ್ಲ ಹಿಂದಿರುವುದರಿಂದ ತೂಕ ಹಿಂದಕ್ಕೆ ಸರಿಯುತ್ತದೆ. ತುದಿಯ ಕವಚ ಅಗಲವಾಗಿರುವುದರಿಂದ ಒತ್ತಡ ಕೇಂದ್ರ ಮುಂದಕ್ಕೆ ಬರುತ್ತದೆ. ಆದ್ದರಿಂದ ಮೂತಿಯೊಳಗೆ ಜೇಡಿಮಣ್ಣಿನ ಉಂಡೆ ಅಂಟಿಸಿ, ಬುಡಕ್ಕೆ ಪಾರದರ್ಶಕ ಪ್ಲಾಸ್ಟಿಕ್‌ನ ನಾಲ್ಕು ರೆಕ್ಕೆ ಹಚ್ಚುತ್ತಾರೆ. ದೂರದಿಂದ ಅವು ಕಾಣುವುದಿಲ್ಲ, ರೂಪ ಕೆಡುವುದಿಲ್ಲ. ಎಂಜಿನ್ ಕೂರಿಸಿದ ಮಾದರಿಯ ಗುರುತ್ವ ಕೇಂದ್ರಕ್ಕೆ ದಾರ ಕಟ್ಟಿ ತಲೆಯ ಮೇಲೆ ಸುತ್ತಿಸಿದಾಗ ಮೂತಿ ಮುಂದಾಗಿಯೇ ಸುತ್ತಿದರೆ ಹಾರಲು ಯೋಗ್ಯ. ಹಿಂದುಮುಂದಾದರೆ ಮೂತಿಯ ತೂಕ ಹೆಚ್ಚಿಸಬೇಕು.

ಎಂಜಿನ್ ಮತ್ತು ಹೊತ್ತಿಸುವಿಕೆ

ಎಂಜಿನ್ ಮೇಲೆ ಡಿ12-5 ಎಂಬಂಥ ಗುರುತು ಇರುತ್ತದೆ. ಅಕ್ಷರ ಒಟ್ಟು ಶಕ್ತಿಯ ವರ್ಗ. ಸಿ ವರ್ಗ 10 ನ್ಯೂಟನ್-ಸೆಕೆಂಡ್‌ವರೆಗೆ, ಡಿ 20ರವರೆಗೆ. ಮೊದಲ ಅಂಕಿ ಸರಾಸರಿ ನೂಕುಬಲ, ನ್ಯೂಟನ್‌ನಲ್ಲಿ. ಕೊನೆಯದು ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರತಳ್ಳಲು ಹಿಡಿಯುವ ಸೆಕೆಂಡ್.

ನೂಕುಬಲ ತೂಕದ ಐದು ಪಟ್ಟಾದರೂ ಇರಬೇಕೆಂಬುದು ವಾಡಿಕೆಯ ಲೆಕ್ಕ. ಮಾದರಿ 300 ಗ್ರಾಂ ಇದ್ದರೆ ತೂಕ 3 ನ್ಯೂಟನ್, ಬೇಕಾದದ್ದು 15. ನಡುವೆ ಒಂದು ಡಿ12, ಎದುರುಬದುರಿನ ಎರಡು ಬೂಸ್ಟರ್‌ಗಳಲ್ಲಿ ಒಂದೊಂದು ಸಿ6 ಇಟ್ಟರೆ ಗುರುತಿನ ಪ್ರಕಾರ 24 ಆಯಿತು. ಉಳಿದ ನಾಲ್ಕು ಬೂಸ್ಟರ್ ಖಾಲಿ ಇರಲಿ. ಎಂಜಿನ್ ಇಟ್ಟ ಬೂಸ್ಟರ್‌ಗಳ ಮೇಲ್ಭಾಗದಲ್ಲಿ ಬಿಸಿ ಗಾಳಿ ಹೊರಹೋಗಲು ಕಿಂಡಿ ಬಿಡಬೇಕು.

ಜೋಡಿಯಲ್ಲಿ ಒಂದು ಹೊತ್ತಿ ಇನ್ನೊಂದು ಹೊತ್ತದಿದ್ದರೆ? ನಡುಗೆರೆಯಿಂದ 38 ಮಿ.ಮೀ. ದೂರದಲ್ಲಿ 6 ನ್ಯೂಟನ್ ಬಲ ಒಂದೇ ಪಕ್ಕಕ್ಕೆ ನೂಕುತ್ತದೆ, ರಾಕೆಟ್ ಓರೆಯಾಗಿ ಜನರತ್ತ ತಿರುಗಬಹುದು. ಆದ್ದರಿಂದ ಹೊತ್ತಿಸುವ ತಂತಿಗಳನ್ನು ಸಮಾಂತರವಾಗಿಯೇ ಜೋಡಿಸಬೇಕು. ಸರಣಿಯಾಗಿ ಜೋಡಿಸಿದರೆ ಮೊದಲು ಸುಟ್ಟ ತಂತಿ ಉಳಿದವುಗಳ ವಿದ್ಯುತ್ ಕಡಿದುಬಿಡುತ್ತದೆ. ಮೂರೂ ಒಟ್ಟಿಗೆ ಹೊತ್ತಲು ಬೈಕಿನ 12 ವೋಲ್ಟ್ ಬ್ಯಾಟರಿಯಂಥದ್ದು ಬೇಕು. ನಡುವಿನ ಎಂಜಿನ್ನೇ ಹೊತ್ತದಿದ್ದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಅದರ ತಂತಿಯನ್ನು ಎರಡು ಬಾರಿ ಪರೀಕ್ಷಿಸಬೇಕು.

ಕಾನೂನು ಮತ್ತು ಸುರಕ್ಷತೆ

ಇದನ್ನು ಪ್ರತಿ ಪಾಲಕರೂ ಗಮನಿಸಬೇಕು. ರಾಕೆಟ್ ಮದ್ದನ್ನು ಮನೆಯಲ್ಲಿ ಅರೆಯುವುದು, ಬೆರೆಸುವುದು, ದೀಪಾವಳಿ ಪಟಾಕಿ ಬಿಚ್ಚಿ ಕೊಳವೆಗೆ ತುಂಬುವುದು ಖಂಡಿತ ಕೂಡದು. ಮಕ್ಕಳ ಕೈ, ಕಣ್ಣು ಹೋಗುವುದು ಹೀಗೆಯೇ. ನಮ್ಮ ದೇಶದಲ್ಲಿ 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳು ಜಾರಿಯಲ್ಲಿವೆ, ಯಾವ ರಾಜ್ಯದಲ್ಲಿದ್ದರೂ ಇವು ಅನ್ವಯ. ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವುದು ಅಪರಾಧ. ಆದ್ದರಿಂದ ಹಾರಿಸುವ ಕೆಲಸವನ್ನು ಅನುಮತಿ ಪಡೆದ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ, ಕಾರ್ಖಾನೆಯಲ್ಲಿ ತಯಾರಾದ ಎಂಜಿನ್‌ನಿಂದ ಮಾತ್ರ ಮಾಡಬೇಕು.

ಅಮೆರಿಕದ ಹವ್ಯಾಸಿ ರಾಕೆಟ್ ಸಂಘ 1957ರಿಂದ ಇದೆ. ಅದರ ನಿಯಮಾವಳಿಯ ಮುಖ್ಯ ಅಂಶಗಳು:

1. ಹೊತ್ತಿಸುವುದು ವಿದ್ಯುತ್ತಿನಿಂದ ಮಾತ್ರ, ಬೆಂಕಿಕಡ್ಡಿಯಿಂದ ಅಲ್ಲ.
2. ಡಿ ವರ್ಗಕ್ಕಿಂತ ಹೆಚ್ಚಿನ ಶಕ್ತಿಗೆ 30 ಅಡಿ ದೂರ ನಿಲ್ಲಬೇಕು. ಮೇಲೆ ಹೇಳಿದ ಮೂರು ಎಂಜಿನ್ ಸೇರಿದರೆ ಡಿ ದಾಟುತ್ತದೆ.
3. ಈ ಶಕ್ತಿಗೆ ಬಯಲು ಉದ್ದಗಲ 1000 ಅಡಿ ಇರಬೇಕು, ಒಣಹುಲ್ಲು ಇರಕೂಡದು.
4. ಗಾಳಿ ಗಂಟೆಗೆ 32 ಕಿ.ಮೀ. ಮೀರಿದರೆ ಹಾರಿಸಬಾರದು.
5. ಹೊತ್ತದಿದ್ದರೆ ಕೀಲಿ ತೆಗೆದು, ಒಂದು ನಿಮಿಷ ಕಾದು, ಆಮೇಲೆ ಹತ್ತಿರ ಹೋಗಬೇಕು.

ಶಾಲೆಗಳಿಗೆ ನಮ್ಮ ಸಲಹೆ

ಪ್ರದರ್ಶನಕ್ಕೆ ಮದ್ದಿಲ್ಲದ ಮಾದರಿ ಸಾಕು. ಅಳತೆ ಸರಿಯಾಗಿ ಕಟ್ಟಿ, ಎರಡು ಟ್ಯಾಂಕ್ ಸೇರಿಸಿ, ದಾರ ಕಟ್ಟಿ ಸುತ್ತಿಸಿ ತೋರಿಸಿದರೆ ರಾಕೆಟ್ ವಿದ್ಯೆಯ ಅರ್ಧ ಪಾಠ ಅಲ್ಲೇ ಆಯಿತು. ಒಂದು ಬೂಸ್ಟರ್‌ಗೆ ಮಾತ್ರ ಮಣ್ಣು ತುಂಬಿ ಗುರುತ್ವ ಕೇಂದ್ರ ನಡುಗೆರೆಯಿಂದ ಸರಿಯುವುದನ್ನೂ ಮಕ್ಕಳು ಬೆರಳ ಮೇಲೆ ನಿಲ್ಲಿಸಿ ನೋಡಬಹುದು. ಕಾಸರಗೋಡಿನ ಮಗುವಾಗಲಿ, ಅಕ್ಕಲಕೋಟೆಯ ಮಗುವಾಗಲಿ, ತೀರ್ಪುಗಾರರ ಮುಂದೆ ಇದನ್ನು ಕನ್ನಡದಲ್ಲೇ ವಿವರಿಸಲು ಬೇಕಾದ ಮಾತುಗಳು ಮೇಲೆ ಇವೆ. ಮಾದರಿ ಕಟ್ಟಿದ ಶಾಲೆಗಳವರು ಅದರ ಚಿತ್ರವನ್ನೂ ಅಳತೆಯ ಪಟ್ಟಿಯನ್ನೂ ಸಂಘಕ್ಕೆ ಕಳಿಸಿಕೊಟ್ಟರೆ ಈ ಪುಟದಲ್ಲಿ ಪ್ರಕಟಿಸುತ್ತೇವೆ.